ಕ್ಯಾರಿಕ್ ಹಡಗಿನ ಗಂಟೆ

ಟಾರ್‌ಪಾಯಿಂಟ್,
ಗುರುವಾರ, 8 ಮಾರ್ಚ್ 1917

ಮಗ ಡಿಗೊರಿಗೆ ಅಮ್ಮನ ಪ್ರೀತಿಯ ಆಶೀರ್ವಾದಗಳು.

ಕೈಯ ಸುಟ್ಟ ಗಾಯ ಮಾಗಿತೇ? ಉತ್ತರದ ಚಳಿಯಲ್ಲಿ ಹಿಡಿದ ಕೆಮ್ಮು ಬಿಟ್ಟಿತೇ? ಲವ್‌ಡೇಗೆ ಇದೆಲ್ಲ ಗೊತ್ತಿರಬೇಕು. ಅವಳಿಗೆ ನಾಲ್ಕು ಪುಟ ಬರೆದಿದ್ದೀ, ಕೊನೆಯ ಪುಟದ ಅಂಚಿನಲ್ಲಿ ‘ಅಮ್ಮನನ್ನು ಕೇಳಿದೆನೆಂದು ಹೇಳು’ ಎಂದಿದ್ದೀ. ಹೆಂಡತಿಗೆ ಬರೆಯಬೇಡ ಎನ್ನುವಷ್ಟು ಸಣ್ಣವಳಲ್ಲ ನಾನು. ಆದರೆ ಅವಳು ಓದಿ, ತನ್ನಷ್ಟಕ್ಕೆ ನಕ್ಕು, ಕಾಗದವನ್ನು ಮಡಿಸಿ ಜೇಬಿಗಿಟ್ಟು, “ನಿಮ್ಮ ಮಗ ಚೆನ್ನಾಗಿದಾರೆ ಅತ್ತೆ” ಎಂದಾಗ ನನಗೆ ಹೇಗಾಗಬೇಡ? ನನ್ನ ಮಗನ ಸುದ್ದಿಯನ್ನು ನನಗೇ ಚಮಚದಲ್ಲಿ ಅಳೆದು ಹಾಕುತ್ತಾಳೆ.

ಇವಳೊಬ್ಬಳು ಸಾಲದೆಂದು ಆ ಇನ್ನೊಬ್ಬಳು. ನೀವು ನಾವಿಕರು ಹಡಗನ್ನು ‘ಅವಳು’ ಎನ್ನುವುದು ಸರಿಯಾಗಿಯೇ ಇದೆ. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದರೆ ನದಿಯ ಆಚೆ ದಡದಲ್ಲಿ ನಿಮ್ಮ ‘ಕ್ಯಾರಿಕ್’ನ ನಾಲ್ಕು ಹೊಗೆಕೊಳವೆಗಳು ಕಾಣುತ್ತವೆ, ನೀನು ಕಾಣುವುದಿಲ್ಲ. ಎರಡು ಚಳಿಗಾಲ ಐಸ್‌ಲ್ಯಾಂಡಿನ ಕಡೆ ಪಹರೆ, ಆಮೇಲೆ ಕೆನಡಾದಿಂದ ಬರುವ ಸೈನಿಕರ ಹಡಗುಗಳಿಗೆ ಕಾವಲು. ಈಗ ಊರಿಗೆ ಬಂದರೂ ಕಲ್ಲಿದ್ದಲು ತುಂಬಿ ಮುಗಿಯುವವರೆಗೆ ಯಾರಿಗೂ ರಜೆಯಿಲ್ಲವಂತೆ. ನಾನು ಉಣಿಸಿ ಬೆಳೆಸಿದ ಕೈಗಳು ಅವಳ ಒಲೆಗಳಿಗೆ ಉಣಿಸುತ್ತ ಸವೆಯುತ್ತಿವೆ. ಎಷ್ಟು ಹಾಕಿದರೂ ತುಂಬದ ಹೊಟ್ಟೆ ಅವಳದು.

ಅದನ್ನೂ ಸಹಿಸಿದೆ. ಈಗ ನಿನ್ನ ಮಗುವೂ ಅವಳಿಗೇ ಬೇಕೇ? ಭಾನುವಾರ ಹಡಗಿನ ಗಂಟೆಯನ್ನು ಕಳಚಿ, ಬಾಯಿ ಮೇಲಾಗಿಸಿ, ನೀರು ತುಂಬಿ ಅದರಲ್ಲೇ ದೀಕ್ಷಾಸ್ನಾನವಂತೆ. ಗಂಟೆಯ ಒಳಮೈಯಲ್ಲಿ ಮಗುವಿನ ಹೆಸರು ಕೊರೆಯುತ್ತಾರಂತೆ. ಹೆಸರೂ ಕ್ಯಾರಿಕ್ ಎಂದೇ ಅಂತೆ! ನಿನ್ನ ಅಜ್ಜ, ನಿನ್ನ ಅಪ್ಪ, ನೀನು, ಎಲ್ಲರಿಗೂ ಆದದ್ದು ನಮ್ಮ ಚಾಪೆಲ್ಲಿನಲ್ಲಿ, ಒಂದೇ ಬಿಳಿ ಅಂಗಿಯಲ್ಲಿ. ಈ ಸುದ್ದಿ ನನಗೆ ನಿನ್ನಿಂದ ಬರಲಿಲ್ಲ, ನಿನ್ನ ಹೆಂಡತಿಯಿಂದಲೂ ಬರಲಿಲ್ಲ. ಸೋಮವಾರ ಪಕ್ಕದ ಮನೆಯ ಮಿಸೆಸ್ ಬ್ರೇ ಗೋಡೆಯಾಚೆಯಿಂದ, “ಏನ್ರೀ, ಮೊಮ್ಮಗನ್ನ ಗಂಟೇಲಿ ಅದ್ದುತ್ತಾರಂತೆ? ಅಳ್ತಾನೋ, ಢಣ್ ಅಂತಾನೋ?” ಎಂದಳು. ಬೀದಿಗೆಲ್ಲ ಗೊತ್ತು, ಅಜ್ಜಿಗೆ ಮಾತ್ರ ಇಲ್ಲ.

ನಿನ್ನೆ ಸಂಜೆ ಲವ್‌ಡೇ ಹಗ್ಗದ ಕಾರ್ಖಾನೆಯಿಂದ ಬಂದು ಚಹಾಕ್ಕೆ ಕುಳಿತಾಗ ನೇರವಾಗಿ ಕೇಳಿದೆ. “ನನ್ನ ಹಟ ಅಲ್ಲ ಅತ್ತೆ” ಎಂದಳು. “ಹೋದ ವರ್ಷದ ಕಾಳಗದಲ್ಲಿ ಇಂಥದೇ ಹಡಗುಗಳು ಜನದ ಸಮೇತ ಮುಳುಗಿದ್ವಲ್ಲ, ಅವತ್ತಿಂದ ಹಡಗಿನ ಬಾಯ್ಲರ್ ಕೋಣೆಯವರಿಗೆ ಭಯ, ಇವರನ್ನ ಬೇಡ್ಕೊತಿದಾರೆ. ಗಂಟೇಲಿ ಮಗುವಿನ ಹೆಸರಿದ್ರೆ ಹಡಗು ದಡ ಮುಟ್ಟೇ ಮುಟ್ಟುತ್ತಂತೆ. ಈ ವರ್ಷ ಅವರಲ್ಲಿ ಮಗು ಹುಟ್ಟಿರೋದು ಇವರಿಗೊಬ್ಬರಿಗೇ.” “ದೇವರನ್ನು ನಂಬೋರು ಗಂಟೆ ನಂಬ್ತಾರೇನೇ?” ಎಂದು ಗದರಿದೆ. “ನೀವು ದೇವರನ್ನ ನಂಬಿ ಅತ್ತೆ, ಅವರು ಗಂಟೇನೂ ನಂಬ್ಲಿ. ಎರಡೂ ಇರ್ಲಿ” ಎಂದು ಎದ್ದುಹೋದಳು. ಹೀಗೆ ಎದುರಾಡುವುದನ್ನು ಎಲ್ಲಿ ಕಲಿತಳೋ.

ಭಾನುವಾರ ನಾನು ಬರುವುದಿಲ್ಲ. ಕೇಳಿದವರಿಗೆ ಅಮ್ಮನ ಮಂಡಿ ದೋಣಿಗೆ ಒಗ್ಗುವುದಿಲ್ಲ ಎಂದು ಹೇಳು. ಮಗುವನ್ನು ಬೆಚ್ಚಗೆ ಸುತ್ತಿ ಕಳಿಸುತ್ತೇನೆ. ಇದರ ಜೊತೆ ಕೇಸರಿ ಹಾಕಿದ ಕೇಕು ಇಟ್ಟಿದ್ದೇನೆ. ನೀನೇ ತಿನ್ನು, ಲವ್‌ಡೇ ಕೈಗೆ ಸಿಕ್ಕರೆ ಹಡಗಿಗೆಲ್ಲ ಹಂಚಿಬಿಡುತ್ತಾಳೆ.

ಅಲೆಗಳಿಗೆ ಎಲ್ಲೆ ಹಾಕಿದವನು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಥಾಮಸಿನ್ ನ್ಯಾನ್ಸ್

ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮಂಗಳವಾರ ಲವ್‌ಡೇ ಕೆಲಸಕ್ಕೆ ಹೋದಾಗ ಮಗುವನ್ನು ಚಾಪೆಲ್ಲಿಗೆ ಒಯ್ದು ದೀಕ್ಷಾಸ್ನಾನ ಮಾಡಿಸಿಬಿಟ್ಟೆ, ನಿನ್ನ ಅಜ್ಜನ ಹೆಸರಿನಲ್ಲಿ, ಎಲಿಯಾಸ್ ಎಂದು. ಲವ್‌ಡೇಗಿಂತ, ನಿನ್ನ ಆ ಹಡಗಿಗಿಂತ ಮೊದಲು ಮಗು ನನ್ನದಾಗಬೇಕಿತ್ತು. ಹಡಗಿನವರ ನಂಬಿಕೆ ಆಗ ನನಗೆ ತಿಳಿದಿರಲಿಲ್ಲ. ಒಮ್ಮೆ ಆದವರಿಗೆ ಮತ್ತೊಮ್ಮೆ ಮಾಡುವಂತಿಲ್ಲ. ಮೊದಲೇ ಆಗಿದೆಯೇ ಎಂದು ಹಡಗಿನ ಪಾದ್ರಿ ಕೇಳುತ್ತಾನೆ. ಇಲ್ಲ ಎಂದುಬಿಡು. ಆ ಸುಳ್ಳು ನನ್ನದು, ದೇವರಿಗೆ ನಾನು ಉತ್ತರ ಕೊಡುತ್ತೇನೆ. ಲವ್‌ಡೇಗೂ ನಾನೇ ಹೇಳುತ್ತೇನೆ. ಗಂಟೆಯಲ್ಲಿ ಎರಡೂ ಹೆಸರು ಕೊರೆಸು. ಜಾಗ ಸಾಲದಿದ್ದರೆ ನಾನಿಟ್ಟದ್ದನ್ನು ಬಿಡು.