ವಸ್ತಿ ಬಸ್ಸಿನ ಊಟದ ಪಾಳಿ

ಮಡುವಿನಹಾಳು, ಸಿರುಗುಪ್ಪ ತಾಲ್ಲೂಕು
೮ ಮಾರ್ಚ್ ೧೯೭೯

ತಮ್ಮ ತಿಪ್ಪೇರುದ್ರಪ್ಪನಿಗೆ ನಿನ್ನ ಅಕ್ಕ ಗುರುಬಸಮ್ಮ ಹರಸಿ ಬರೆಯುವುದು. ನೀನು, ನಿನ್ನ ಹೆಂಡತಿ ಮಕ್ಕಳು ಚೆನ್ನಾಗಿರಿ. ಇಲ್ಲಿ ಅವ್ವ ಆರೋಗ್ಯವಾಗಿದ್ದಾಳೆ. ನಿನ್ನ ಕಾಗದಗಳು ಮೂರೂ ಕೈಸೇರಿವೆ. ಉತ್ತರ ಬರೆಯದೆ ಇದ್ದದ್ದು ತಪ್ಪೇ, ಕ್ಷಮಿಸು. ಸಿಟ್ಟು ಇಳಿದ ಮೇಲೆ ಬರೆದರಾಯಿತು ಎಂದುಕೊಂಡಿದ್ದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಮೊದಲನೆಯ ಕಾಗದದಲ್ಲಿ ನೀನು ಸ್ಕೂಟರ್ ಕೊಂಡ ಸುದ್ದಿ ಬರೆದಿದ್ದೀಯ. ಸಂತೋಷ. ಬಳ್ಳಾರಿಯ ಹತ್ತಿ ಅಂಗಡಿಯವನಿಗೆ ಸ್ಕೂಟರ್ ಬೇಕು. ನಮಗೆ ಬೇಕಾಗಿದ್ದದ್ದು ಒಂದು ಬಸ್ಸು. ಅದನ್ನು ನೀನು ಒಂದು ಊಟದ ಹೊತ್ತಿನಲ್ಲಿ ಕಳೆದುಬಿಟ್ಟೆ.

ನೀನು ಊರು ಬಿಟ್ಟ ಮೇಲೆ ಆ ಬಸ್ಸು ಬಂದದ್ದು. ಹಾಗಾಗಿ ಅದು ನಮಗೆ ಏನಾಗಿತ್ತು ಎಂದು ನಿನಗೆ ಗೊತ್ತಿಲ್ಲವೆಂದೇ ಇಟ್ಟುಕೊಳ್ಳುತ್ತೇನೆ. ಸಂಜೆ ಬಂದು ರಾತ್ರಿ ಊರಲ್ಲೇ ಉಳಿದು, ನಸುಕಿನಲ್ಲಿ ಕುರುಗೋಡಿನ ಮೇಲೆ ಬಳ್ಳಾರಿಗೆ ಹೋಗುವ ವಸ್ತಿ ಬಸ್ಸು. ಡ್ರೈವರು ಪಕ್ಕೀರಪ್ಪ. ಊರವರೆಲ್ಲ ಕೂತು ಮಾತಾಡಿ, ಡ್ರೈವರು ಕಂಡಕ್ಟರಿಗೆ ದಿನಕ್ಕೊಂದು ಮನೆಯವರು ಊಟ ಹಾಕುವುದೆಂದು ಪಾಳಿ ಹಚ್ಚಿಕೊಂಡಿದ್ದೆವು. ಉಂಡು ಅದೇ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿ ಮಲಗುತ್ತಿದ್ದರು. ಪಾಳಿಯ ದಿನ ಮನೆಯಲ್ಲಿ ಪಲ್ಯ ಒಂದು ಹೆಚ್ಚಿಗೆ ಆಗುತ್ತಿತ್ತು. ಗಂಡಸರು ಅದಕ್ಕಾಗಿಯೇ ಪಾಳಿ ಯಾವಾಗ ಎಂದು ಕೇಳುತ್ತಿದ್ದರು.

ಆ ಬಸ್ಸು ಬರುವ ಮುಂಚೆ ಈ ಊರಿನ ಹೆಂಗಸರು ಮೆಂತ್ಯ, ಪುಂಡಿ ಸೊಪ್ಪು ಬೆಳೆದರೆ ಮನೆಗಾಗಿ ಮಿಕ್ಕದ್ದು ದನಕ್ಕೆ. ಬಸ್ಸು ಬಂದ ಮೇಲೆ ಕಾಲುವೆಯ ಕೊನೆಯ ಮಡಿಗಳೆಲ್ಲ ಸೊಪ್ಪಾದವು. ನಸುಕಿನಲ್ಲಿ ಪುಟ್ಟಿ ತುಂಬಿ ಹೋದರೆ, ಬಳ್ಳಾರಿ ಮಾರ್ಕೆಟ್ಟಿನಲ್ಲಿ ಇಬ್ಬನಿ ಆರುವುದರೊಳಗೆ ಖಾಲಿ. ಸೊಪ್ಪು ಬಾಡಬಾರದೆಂದು ಪಕ್ಕೀರಪ್ಪ ಪುಟ್ಟಿಗಳನ್ನು ಬಸ್ಸಿನ ಮೇಲೆ ಹಾಕಿಸದೆ ಒಳಗೇ ಇಡಿಸುತ್ತಿದ್ದ. ಒಬ್ಬಳು ತಡವಾದರೆ ಹಾರನ್ ಹಾಕಿ ಕಾಯುತ್ತಿದ್ದ. ಬಸ್ಸಿದೆಯೆಂದೇ ಎರ್ರಣ್ಣ ಅಗಸಿಯ ಬಾಗಿಲಲ್ಲಿ ಚಹಾದ ಅಂಗಡಿ ಇಟ್ಟ. ಅದೇ ಬಸ್ಸಿಗೆ ಮಕ್ಕಳು ಕುರುಗೋಡಿನ ಹೈಸ್ಕೂಲಿಗೆ ಹೋಗಿ, ಸಂಜೆ ಅದರಲ್ಲೇ ಮರಳುತ್ತಿದ್ದರು. ಸೊಪ್ಪಿನ ದುಡ್ಡು ನಮ್ಮ ಕೈಗೇ ಬರುತ್ತಿತ್ತು. ಬಳೆಗಾರನ ಮುಂದೆ ಕೈ ಚಾಚುವಾಗ ಗಂಡನ ಮುಖ ನೋಡದೆ ಇರುವುದು ಅಂದರೆ ಏನು ಎಂದು ನಿನಗೆ ಹೇಗೆ ತಿಳಿಯಬೇಕು?

ಎಳ್ಳಮಾವಾಸ್ಯೆಗೆ ನೀನು ನಿನ್ನ ಮಾವನನ್ನು ಕರೆದುಕೊಂಡು ಬಂದೆ. ಅಂದು ಪಾಳಿ ಅವ್ವನ ಮನೆಯದು. ನಾನು ಅಲ್ಲಿರಲಿಲ್ಲ, ಅವ್ವ ಹೇಳಿದ್ದನ್ನೇ ಬರೆಯುತ್ತೇನೆ. ಪಡಸಾಲೆಯಲ್ಲಿ ಎಲ್ಲರಿಗೂ ಒಂದೇ ಸಾಲಿನಲ್ಲಿ ಎಲೆ ಹಾಕಿತ್ತು. ಪಕ್ಕೀರಪ್ಪ ಕೂತು ನೀರು ಮುಟ್ಟಿದ್ದ. ನಿನ್ನ ಮಾವ ಅವನ ಊರು ಕೇಳಿದರು, ಆಮೇಲೆ ಕೇರಿ ಕೇಳಿದರು. ಅವನು ಮುಚ್ಚುಮರೆಯಿಲ್ಲದೆ ಊರ ಹೊರಗಿನ ಕೇರಿಯ ಹೆಸರು ಹೇಳಿದ. ಮಾವ ಎಲೆಯಿಂದ ಕೈ ತೆಗೆದರು. ನೀನು ಎದ್ದು, "ಇವ್ನ ಎಲಿ ದನದ ಕೊಟ್ಟಿಗಿ ಕಡಿ ಹಾಕ್ರಿ" ಎಂದೆ.

ಹಾಗೆಂದೆಯೋ ಇಲ್ಲವೋ? ಎರಡನೆಯ ಕಾಗದದಲ್ಲಿ "ಮಾವನವರ ಮರ್ಯಾದೆಗೋಸ್ಕರ" ಎಂದು ಬರೆದಿದ್ದೀಯ. ನಾಲ್ಕು ವರ್ಷ ಅವ್ವ ಅವನಿಗೆ ಬಡಿಸಿದಳು. ಕೇರಿ ಕೇಳಬೇಕೆಂದು ಅವಳಿಗೆ ತೋಚಲಿಲ್ಲ. ಮರ್ಯಾದೆ ಅಂದರೆ ಅದು. ಉಣ್ಣಲು ಕೂತವನನ್ನು ಎಬ್ಬಿಸುವುದಕ್ಕೆ ನಮ್ಮ ಮನೆಯಲ್ಲಿ ಯಾವತ್ತೂ ಆ ಹೆಸರಿರಲಿಲ್ಲ.

ಪಕ್ಕೀರಪ್ಪ ಜಗಳ ಮಾಡಲಿಲ್ಲ. "ಹಸಿವಿಲ್ಲವ್ವಾ, ಹೊಟ್ಟಿ ತುಂಬೇತಿ" ಎಂದು ಎದ್ದು ಹೋಗಿ ಬಸ್ಸಿನಲ್ಲೇ ಮಲಗಿದ. ಬೆಳಿಗ್ಗೆ ಪುಟ್ಟಿಗಳನ್ನು ಎಂದಿನಂತೆ ಒಳಗಿಡಿಸಿಕೊಂಡು ಹೋದ. ಸಂಜೆ ಬಸ್ಸು ಬರಲಿಲ್ಲ. ಈಗ ಅದರ ವಸ್ತಿ ಸಿರುಗುಪ್ಪದಲ್ಲಿ. ಬಿಸಿಲೇರಿದ ಮೇಲೆ ಬೇರೊಂದು ಬಸ್ಸು ಬಂದು ಹೋಗುತ್ತದೆ. ಅದಕ್ಕೆ ಹತ್ತಿಸಿದ ಸೊಪ್ಪು ಬಳ್ಳಾರಿ ಮುಟ್ಟುವಾಗ ಆಡೂ ತಿನ್ನುವ ಹಾಗಿರುವುದಿಲ್ಲ.

ಎರ್ರಣ್ಣನನ್ನು ಕರೆದುಕೊಂಡು ಬಸ್ ಡಿಪೋಗೆ ಹೋದೆ. ಅಲ್ಲಿನ ಸಾಹೇಬರು ಒಳ್ಳೆಯವರು, ಕುರ್ಚಿ ಕೊಟ್ಟು ಮಾತಾಡಿಸಿದರು. "ನಿಮ್ಮೂರಾಗ ಎಲಿ ಮುಂದ ಕೂತವನ್ನ ಎಬ್ಬಿಸಿದ್ರಂತಲ್ಲಮ್ಮಾ. ಯಾವ ಡ್ರೈವರೂ ನಿಮ್ಮೂರ ವಸ್ತಿಗಿ ಒಪ್ಪವಲ್ಲ. ನಾ ಯಾರನ್ನ ಕಳಸ್ಲಿ?" ಎಂದರು.

ಹೊರಗೆ ಪಕ್ಕೀರಪ್ಪನೇ ಸಿಕ್ಕ. ಬೈಯುತ್ತಾನೆಂದು ಹೆದರಿದ್ದೆ. ಅವನು ಮೊದಲು ಅವ್ವನ ಆರೋಗ್ಯ ಕೇಳಿದ. ಆಮೇಲೆ, "ಮುದುಕಿಗೆ ಏನೂ ಅನಬ್ಯಾಡ್ರಿ ಅಕ್ಕಾರ. ಎಬ್ಬಿಸಿದವ್ರು ಬಂದು ಕರೀಲಿ. ಅದಾ ಪಡಸಾಲ್ಯಾಗ, ನನ್ನ ಬಾಜೂಕ ಕೂತು ಉಣ್ಲಿ. ಮರುದಿನಾನ ಬಸ್ ತರ್ತೀನಿ" ಎಂದ. ಇಷ್ಟನ್ನೂ ಜನವರಿಯಲ್ಲೇ ನಿನಗೆ ಹೇಳಿ ಕಳಿಸಿದ್ದೆ.

ಅದಕ್ಕೆ ನಿನ್ನ ಉತ್ತರ ಏನು? ಅರ್ಜಿ ಬರೆಸು, ದೊಡ್ಡವರಿಂದ ಹೇಳಿಸುತ್ತೇನೆ, ಸರ್ಕಾರದ ಬಸ್ಸು ಬರದೆ ಎಲ್ಲಿ ಹೋಗುತ್ತದೆ. ಎಲ್ಲಿ ಹೋಗುತ್ತದೆ ಎಂದು ನಾನು ತೋರಿಸಲೇ? ಕುರುಗೋಡಿನ ದಲಾಲಿ ಮೈಲಾರಲಿಂಗಪ್ಪ ಈಗ ಸೊಪ್ಪು ಕೊಳ್ಳಲು ಟ್ರ್ಯಾಕ್ಟರ್ ತಂದು ಅಗಸಿಯಲ್ಲಿ ನಿಲ್ಲಿಸಿ, ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ. ಮೊನ್ನೆ ಗಾದೆಮ್ಮ ಇನ್ನೊಂದಿಷ್ಟು ಹೆಚ್ಚಿಗೆ ಕೇಳಿದ್ದಕ್ಕೆ, "ಒಲ್ಲೆಂದ್ರ ಹೊತ್ಕೊಂಡು ಬಳ್ಳಾರಿಗಿ ನಡಿ" ಎಂದ. ಅವಳು ಪುಟ್ಟಿ ಇಳಿಸಿ ಕೊಟ್ಟಳು. ಇನ್ನೇನು ಮಾಡಿಯಾಳು? ಅರ್ಧ ಜನ ಸೊಪ್ಪಿನ ಮಡಿ ಮುರಿದು ಮತ್ತೆ ಭತ್ತಕ್ಕೆ ಬಿಟ್ಟಿದ್ದಾರೆ. ಭತ್ತದ ದುಡ್ಡು ಗಂಡಸರ ಜೇಬಿಗೆ. ಎರ್ರಣ್ಣ ಅಂಗಡಿ ಮುಚ್ಚಿ ರೈಸ್ ಮಿಲ್ಲಿಗೆ ಹಮಾಲಿಗೆ ಹೋಗುತ್ತಾನೆ. ಗಂಡು ಹುಡುಗರು ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಹೋಗುತ್ತಾರೆ. ಹೆಣ್ಣುಮಕ್ಕಳನ್ನು ಆ ಕಾಲುವೆ ದಾರಿಯಲ್ಲಿ ಯಾರು ಕಳಿಸುತ್ತಾರೆ?

ಊರಲ್ಲಿ ಯಾರೂ ನಿನ್ನ ಹೆಸರು ಹಿಡಿದು ಬೈಯುವುದಿಲ್ಲ. ಅವ್ವನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ, ಅಷ್ಟೇ. ಅವಳು ಬಾವಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಅದನ್ನು ನೋಡಿದಾಗಲೆಲ್ಲ ನಿನ್ನನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ಈ ಕೈಯಿಂದಲೇ ನಾಲ್ಕು ಬಿಗಿಯಬೇಕು ಅನಿಸುತ್ತದೆ.

ನಿನ್ನ ಅರ್ಜಿ ಬೇಡ. ಮಾವನಿಗೆ ಹೇಳಿ ಬಾ, ಹೇಳದೆ ಬಾ, ಅದು ನಿನ್ನ ಪಾಡು. ಸಿರುಗುಪ್ಪದಲ್ಲಿ ಇಳಿದು ಪಕ್ಕೀರಪ್ಪನನ್ನು ಜೊತೆಗೆ ಕರೆದುಕೊಂಡು ಬಾ. ಅವನ ಪಕ್ಕ ಕೂತು ಒಂದು ಹೊತ್ತು ಉಣ್ಣು. ನಾನೇ ರೊಟ್ಟಿ ಬಡಿಯುತ್ತೇನೆ. ಇದಕ್ಕಿಂತ ಹಗುರಾದ ದಂಡ ಯಾವ ಪಂಚಾಯಿತಿಯೂ ಹಾಕುವುದಿಲ್ಲ.

ಮಕ್ಕಳಿಗೆ ನನ್ನ ಮುತ್ತು. ದೇವರು ನಿನಗೆ ಆಯುಷ್ಯದ ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಗುರುಬಸಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನನ್ನ ಮಗಳು ದೊಡ್ಡಬಸಮ್ಮನನ್ನು ನಿನ್ನ ಮಾವನ ಕಡೆಯ ಹುಡುಗನಿಗೆ ಕೇಳಿ ಬರೆದಿದ್ದೀಯಲ್ಲ, "ಹೇಗೂ ಮನೆಯಲ್ಲೇ ಕೂತಿದ್ದಾಳಲ್ಲ" ಎಂದು? ಬಸ್ಸು ನಿಂತ ದಿನದಿಂದ ಕೂತಿದ್ದಾಳೆ. ಮುಂದಿನ ತಿಂಗಳು ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವರಪ್ಪ ನಿನ್ನ ಕಾಗದ ಓದಿ ಒಪ್ಪಿಬಿಟ್ಟಿದ್ದಾರೆ, ಅವಳಿಗಿನ್ನೂ ಹೇಳಿಲ್ಲ. ನಿನ್ನೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಬಂದು ಕೂತು, "ಮಾಮ ಬಂದು ಒಂದು ಹೊತ್ತು ಡ್ರೈವರಣ್ಣನ ಕೂಡ ಉಂಡ್ರ ನಾ ಪರೀಕ್ಷಿಗಿ ಹೋಗಬೌದಲ್ಲವಾ? ನಮ್ಮ ಮಾಮ ಅಷ್ಟು ಮಾಡಲ್ಲೇನು?" ಎಂದು ಕೇಳಿದಳು. ಮಾಡುತ್ತಾನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ರುದ್ರಾ.