ಅಂಗೈ ಮೇಲಿನ ಕರ್ಪೂರ

ತಿಮ್ಮೇಶ,

ಇದನ್ನ ನೀನು ಓದಲ್ಲ ಅಂತ ಗೊತ್ತು ಕಣ್ಲಾ, ನೀನು ತೀರ್ಕೊಂಡು ನಾಳಿದ್ದಿಗೆ ವರ್ಷ ಆಯ್ತದೆ. ಆದ್ರೂ ಇವತ್ತು ಪಾಂಡವಪುರದ ನಮ್ ಸ್ಕೂಲಲ್ಲಿ ನಡೆದದ್ದನ್ನ ನಿಂಗಲ್ದೆ ಇನ್ಯಾರಿಗೆ ಹೇಳ್ಲಿ.

ಒಂಬತ್ತನೇ ಕ್ಲಾಸಿಗೆ ಯುರೋಪಿನ ಷಾರ್ಲ್‌ಮೇನ್ ದೊರೆ ಪಾಠ ಮಾಡ್ತಿದ್ದೆ. ಸಾವಿರ ವರ್ಷಕ್ಕೂ ಹಿಂದೆ ಅವನು ಸ್ಯಾಕ್ಸನ್ ಜನರನ್ನ ಸೋಲಿಸಿ, ನಮ್ಮ ಕ್ರೈಸ್ತ ಧರ್ಮಕ್ಕೆ ಸೇರಿ ನೀರಲ್ಲಿ ಮುಳುಗೇಳಿ, ಇಲ್ದಿದ್ರೆ ತಲೆ ತೆಗೀತೀನಿ ಅಂದ. ಜನ ಮುಳುಗೆದ್ರು, ರಾಜ್ಯ ಅವನದಾಯ್ತು ಅಂದೆ. ಅರ್ಪಿತ ಅನ್ನೋ ಹುಡುಗಿ ಎದ್ದು, "ಆಮೇಲೆ ಅವ್ರಿಗೆ ಭಕ್ತಿ ಬಂತಾ ಸಾ?" ಅಂದ್ಲು. ನಾನು ಪುಸ್ತಕ ಮುಚ್ಚಿಬುಟ್ಟೆ.

ಪಂಚಾಯ್ತಿ ಎಲೆಕ್ಷನ್ನಲ್ಲಿ ಓಟು ನಮ್ಮಣ್ಣನಿಗೇ ಅಂತ ಆಣೆ ಮಾಡ್ಸೋಕೆ ನಿನ್ನನ್ನ ಬೀರೇದೇವ್ರ ಗುಡಿಗೆ ಕರ್ಕೊಂಡೋದವ್ನು ನಾನು. ಅಂಗೈಲಿ ಕರ್ಪೂರ ಉರೀತಿದ್ರೂ ನೀನು ನನ್ನ ಮುಖಾನೇ ನೋಡ್ತಿದ್ದೆ. ಅಣ್ಣ ಗೆದ್ದ. ದಿನಾ ಸಂಜೆ ಆ ಗುಡೀಲಿ ದೀಪ ಹಚ್ತಿದ್ದ ನೀನು, ಸಾಯೋವರ್ಗೂ ಮತ್ತೆ ಅದರ ಮೆಟ್ಟಿಲು ಹತ್ತಲಿಲ್ಲ.

ಇವತ್ತು ಸ್ಕೂಲು ಬಿಟ್ಟ ಮೇಲೆ ನಾನೇ ಹೋದೆ. ದೀಪಕ್ಕೆ ಎಣ್ಣೆ ಹುಯ್ದೆ, ಬತ್ತಿ ಇಟ್ಟೆ. ಅವತ್ತು ನಿನ್ನ ಅಂಗೈಲಿದ್ದ ಕರ್ಪೂರಕ್ಕೆ ಕಡ್ಡಿ ಗೀರಿದ ಇದೇ ಕೈಗೆ ಇವತ್ತು ಕಡ್ಡಿ ಗೀರೋಕಾಗ್ಲಿಲ್ಲ ಕಣ್ಲಾ.