ನಿಮ್ಮ ಬೆಲೆ ಕಟ್ಟಿದ ದಿನ

ಹಾಸನ
೧೮ ಏಪ್ರಿಲ್ ೨೦೦೨, ಗುರುವಾರ

ಜಲಂಧರಿನ ಬಿಸಿಲಿನಲ್ಲಿ ಆಡುತ್ತಿರುವ ನನ್ನ ಯಜಮಾನರಿಗೆ ನಿಮ್ಮ ಗಂಗಾಂಬಿಕೆಯ ನಮಸ್ಕಾರಗಳು.

ಹೇಗಿದ್ದೀರಿ? ಹೊಟ್ಟೆ ಸರಿಯಾಗಿದೆಯೇ? ಹೋದ ಸಲ ಮೂರು ಹೊತ್ತೂ ರೊಟ್ಟಿ ತಿಂದು ಸಾಕಾಗಿ ಕಡ್ಡಿಯಾಗಿ ಬಂದಿದ್ದಿರಿ. ಬ್ಯಾಗಿನಲ್ಲಿ ಬಟ್ಟೆಯ ಕೆಳಗೆ ಹುರಿಗಡಲೆ ಚಟ್ನಿಪುಡಿಯ ಡಬ್ಬ ಇಟ್ಟಿದ್ದೆ. ಅದು ನಿಮ್ಮ ಬಾಯಿಗೆ ಬಿತ್ತೋ, ರೂಮಿನವರ ಪಾಲಾಯಿತೋ ಬರೆಯಿರಿ. ನಾವು ಇಲ್ಲಿ ಆರಾಮಾಗಿದ್ದೇವೆ. ಧನ್ಯಾಗೆ ನೆಗಡಿ ಬಂದು ಹೋಯಿತು. ಈಗ ನಿಮ್ಮ ಹಳೆಯ ಹಾಕಿ ಸ್ಟಿಕ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತುಬಿಡುತ್ತಾಳೆ, ನನ್ನನ್ನು ಒಳಗೆ ಬಿಡುವುದಿಲ್ಲ. ನಿಮ್ಮದೇ ರಕ್ತ, ತಡೆಯುವುದೊಂದು ಬಿಟ್ಟು ಬೇರೇನೂ ಬಾರದು.

ಮೊನ್ನೆ ಫೋನಿನಲ್ಲಿ "ಒಳ್ಳೆಯದೇ ಆಯಿತು, ಕಾಗದ ಬರೆಯುತ್ತೇನೆ" ಎಂದಷ್ಟೇ ಹೇಳಿ ಇಟ್ಟೆನೆಂದು ನಿಮಗೆ ಸಿಟ್ಟು ಬಂದಿರಬೇಕು. ನಿಮ್ಮ ಬೆನ್ನ ಹಿಂದೆ ಅರ್ಧ ಟೀಮು ಫೋನಿಗಾಗಿ ಸಾಲು ನಿಂತಿತ್ತು, ಅವರ ಗಲಾಟೆ ನನಗೇ ಕೇಳುತ್ತಿತ್ತು. ನಿಮ್ಮ ಜೀವನದ ವಿಷಯವನ್ನು ಮೂರು ನಿಮಿಷದಲ್ಲಿ ಹೇಗೆ ಹೇಳಲಿ? ಈಗ ಕೂತು ಬರೆಯುತ್ತಿದ್ದೇನೆ. ಎಷ್ಟಕ್ಕೆ ತೀರ್ಮಾನವಾಯಿತು ಎಂದು ನೋಡಲು ಕೊನೆಯ ಹಾಳೆಗೆ ಹಾರಬೇಡಿ. ನಾನು ಇಡೀ ಬೆಳಗ್ಗೆ ಬೆವರಿಕೊಂಡು ಕೂತಿದ್ದೆ, ನೀವೂ ಸ್ವಲ್ಪ ಕಾಯಿರಿ.

ಮೊದಲನೆಯ ಸುದ್ದಿಯೇ ನಿಮಗೆ ಹಿಡಿಸುವುದಿಲ್ಲ. ನಿಮ್ಮ ಪರವಾಗಿ ಮಾತಾಡಿದ್ದು ಕುಮಾರಣ್ಣ ಅಲ್ಲ. ನೀವು ಹೊರಡುವ ಮುಂಚೆ ಎಲ್ಲವನ್ನೂ ಅಚ್ಚುಕಟ್ಟು ಮಾಡಿಯೇ ಹೋಗಿದ್ದಿರಿ. ಫ್ಯಾಕ್ಟರಿಯವರು ತಿಂಗಳ ಆರೂವರೆ ಸಾವಿರವನ್ನು ಆರಕ್ಕೆ ಇಳಿಸುತ್ತೇವೆ ಎಂದರು, ನೀವು ಒಂಬತ್ತೂವರೆಗೆ ಕಡಿಮೆಯಿದ್ದರೆ ಅವರ ಟೀಮಿಗೆ ಆಡುವುದಿಲ್ಲ ಎಂದಿರಿ. ಇಬ್ಬರೂ ಬಗ್ಗದಿದ್ದರೆ ಮಧ್ಯಸ್ಥರು ಹೇಳಿದ್ದೇ ಕೊನೆಯ ಮಾತು ಎಂದು ಕರಾರಿನಲ್ಲೇ ಇದೆ. ವಕೀಲರು ಬರುವಂತಿಲ್ಲ, ಆಟಗಾರ ಊರಲ್ಲಿಲ್ಲದಿದ್ದರೆ ಮನೆಯವರು ಮಾತಾಡಬಹುದು ಎಂದೂ ಇದೆ. ಅರಕಲಗೂಡಿನ ಕಾಲೇಜಿನಲ್ಲಿ ಪಾಠ ಮಾಡುವ ನಿಮ್ಮ ದೊಡ್ಡಮ್ಮನ ಮಗನಿಗಿಂತ ಇದಕ್ಕೆ ತಕ್ಕವರು ಯಾರು? ಟೈಪ್ ಮಾಡಿಸಿದ ಹಾಳೆಗಳನ್ನೂ ಅವರು ಕಳಿಸಿದ್ದರು. ಆದರೆ ವಿಚಾರಣೆಗೆ ಎರಡು ದಿನ ಇದೆ ಎನ್ನುವಾಗ ಪಿಯುಸಿ ಪೇಪರ್ ತಿದ್ದಲು ಮೈಸೂರಿಗೆ ಹೋಗಲೇಬೇಕೆಂದು ಅವರಿಗೆ ಆರ್ಡರ್ ಬಂತು. ಪಾಪ, ಫೋನಿನಲ್ಲಿ ಅಳುವ ಹಾಗಾಗಿದ್ದರು. ನಾನು ಧನ್ಯಾಳನ್ನು ಕಂಕುಳಲ್ಲಿ ಎತ್ತಿಕೊಂಡು ಚನ್ನರಾಯಪಟ್ಟಣದ ಬಸ್ ಹತ್ತಿ, ಅಲ್ಲಿಂದ ದಂಡಿಗನಹಳ್ಳಿಗೆ ಹೋಗಿ ಮಾವನವರನ್ನು ಕೇಳಿದೆ.

ನಿಮ್ಮ ಮುಖ ಈಗ ಹೇಗಾಗಿದೆ ಎಂದು ನನಗೆ ಗೊತ್ತು. ನಿಮ್ಮ ತಂದೆ ಬೈರಯ್ಯನವರು ದನದ ದಲ್ಲಾಳಿ ಎಂಬುದನ್ನು ಹತ್ತು ವರ್ಷದಿಂದ ಟೀಮಿನವರ ಹತ್ತಿರ ಬಾಯಿ ಬಿಡದವರು ನೀವು. ಕೇಳಿದವರಿಗೆಲ್ಲ "ವ್ಯಾಪಾರ" ಎಂದು ಹೇಳಿ ಮಾತು ಮರೆಸುತ್ತೀರಿ. ಮಾವನಿಗೂ ಅದು ತಿಳಿಯದ್ದೇನಲ್ಲ. ಅದಕ್ಕೇ ಅವರು ಮೊದಲು ಒಪ್ಪಲಿಲ್ಲ. "ನಂಗೇನ್ ಗೊತ್ತವ್ವ ಆಕಿ ಗೀಕಿ? ಅವ್ನ್ ಮರ್ವಾದೆ ನನ್ನಿಂದ ಓಗೋದ್ ಬ್ಯಾಡ" ಎಂದರು. ಬೇರೆ ಯಾರೂ ಇಲ್ಲ ಮಾವ ಎಂದೆ. ಕೊನೆಗೆ "ಬತ್ತೀನಿ ನಡಿ" ಎಂದು ಒಗೆದ ಪಂಚೆ ತೆಗೆಸಿಟ್ಟರು.

ಫ್ಯಾಕ್ಟರಿಯ ಮೀಟಿಂಗ್ ಹಾಲಿನಲ್ಲಿ ಉದ್ದನೆಯ ಮೇಜು. ಮಧ್ಯಸ್ಥರು ಹೊಳೆನರಸೀಪುರದ ನಂಜುಂಡಯ್ಯನವರು, ರಿಟೈರ್ ಆದ ಜಡ್ಜು. ಹಣೆಯಲ್ಲಿ ವಿಭೂತಿ, ಮುಂದೆ ಎರಡು ಕನ್ನಡಕ, ಒಂದು ಓದಲು, ಇನ್ನೊಂದು ನಮ್ಮನ್ನು ನೋಡಲು. ಫ್ಯಾಕ್ಟರಿಯ ಪರವಾಗಿ ಪರ್ಸೊನೆಲ್ ಆಫೀಸರ್ ಪ್ರದ್ಯುಮ್ನ, ನಿಮ್ಮ ಮ್ಯಾಚ್ ಇದ್ದಾಗಲೆಲ್ಲ ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ನಿಲ್ಲುತ್ತಾರಲ್ಲ, ಅವರೇ. ಜಡ್ಜು ಮಾವನ ಉದ್ಯೋಗ ಕೇಳಿದರು. "ದನದ ದಲ್ಲಾಳಿ ಸ್ವಾಮಿ. ನಲವತ್ತು ವರ್ಸ ಆಯ್ತು" ಎಂದು ಹಾಲಿಗೆಲ್ಲ ಕೇಳುವಂತೆ ಹೇಳಿದರು. ಬರೆದುಕೊಳ್ಳುವ ಗುಮಾಸ್ತ ತಲೆ ಎತ್ತಿ ನೋಡಿದ. ನನಗೆ ನಾಚಿಕೆಯಾಗುತ್ತದೇನೋ ಎಂದುಕೊಂಡಿದ್ದೆ. ಆಗಲಿಲ್ಲ.

ಆಮೇಲೆ ಪ್ರದ್ಯುಮ್ನ ಶುರು ಮಾಡಿದರು. ಅಯ್ಯೋ, ನೀವು ಅಲ್ಲಿ ಇಲ್ಲದ್ದು ಎಷ್ಟು ಒಳ್ಳೆಯದಾಯಿತು! ಪುಟ್ಟರಾಜುಗೆ ಮೂವತ್ತು ತುಂಬುತ್ತಿದೆ, ಓಟ ನಿಧಾನ, ಮೂರು ವರ್ಷದಲ್ಲಿ ಹೊಡೆದದ್ದು ಎರಡೇ ಗೋಲು, ಅಂಪೈರ್ ಜೊತೆ ಜಗಳ, ಕ್ರೀಡಾ ಹಾಸ್ಟೆಲಿನ ಹುಡುಗರು ಇದರ ಅರ್ಧಕ್ಕೆ ಬರುತ್ತಾರೆ. ಒಂದೊಂದಾಗಿ ಫೈಲ್ ನೋಡಿ ಓದಿದರು. ನನಗೆ ಮೈಯೆಲ್ಲ ಉರಿಯಿತು. ಹೋದ ವರ್ಷ ಕಪ್ ಗೆದ್ದಾಗ ನಿಮ್ಮನ್ನು ಹೆಗಲ ಮೇಲೆ ಹೊತ್ತವರಲ್ಲಿ ಈತನೂ ಒಬ್ಬ ಎಂದು ಕೂಗಬೇಕೆನಿಸಿತು. ಮಾವ ಮಾತ್ರ ತಣ್ಣಗೆ ಕೂತಿದ್ದರು. ನನ್ನ ಕಡೆ ಬಾಗಿ, "ಕೊಳ್ಳೋನೇ ಕಣವ್ವ ತಪ್ಪು ಉಡುಕೋದು. ಬ್ಯಾಡ ಅನ್ನೋನು ಸುಮ್ಕೆ ಒಂಟೋಗ್ತಾನೆ" ಎಂದು ಪಿಸುಗುಟ್ಟಿದರು.

ನಾನು ಕುಮಾರಣ್ಣನ ಹಾಳೆಗಳನ್ನು ಓದಿದೆ. ಯಾವ ಊರಲ್ಲಿ ಯಾವ ಕಪ್, ಯಾವ ಪೇಪರಿನಲ್ಲಿ ಫೋಟೋ, ಎಲ್ಲ. ನೀರು ಕುಡಿಯಲು ಎರಡು ಸಲ ನಿಲ್ಲಿಸಿದೆ. ಜಡ್ಜು ಬರೆದುಕೊಂಡರು, ಮುಖದಲ್ಲಿ ಏನೂ ಕಾಣಲಿಲ್ಲ. ನೀವೇನಾದರೂ ಹೇಳುವುದಿದೆಯೇ ಎಂದು ಅವರು ಮಾವನನ್ನು ಕೇಳುತ್ತಿದ್ದಂತೆ ಪ್ರದ್ಯುಮ್ನ ನಕ್ಕು, "ತಂದೆಯ ಮಾತು ಕೇಳುವುದೇನಿದೆ ಸರ್? ಹೆತ್ತವರಿಗೆ ಹೆಗ್ಗಣ ಮುದ್ದು" ಎಂದರು.

ಮಾವ ಎದ್ದು ನಿಂತರು. "ಸರಿ ಸಾ. ಅಂಗಾದ್ರೆ ಮೊದ್ಲು ಎಗ್ಗಣದ್ ತಪ್ಪೇ ಏಳ್ಬುಡ್ತೀನಿ. ನನ್ ಮಗನ್ ಎಡಗಾಲಿನ ಮಂಡಿ ಕೆಟ್ಟೋಗದೆ. ಎರಡು ವರ್ಸದಿಂದ ಪಟ್ಟಿ ಬಿಗಿದು ಆಡ್ತಾವ್ನೆ. ಸುಳಿ ಮುಚ್ಚಿಟ್ಟು ದನ ಮಾರ್ಸಿದ್ ದಲ್ಲಾಳಿಗೆ ಮುಂದಿನ್ ಸಂತೆ ಇಲ್ಲ ಸ್ವಾಮಿ" ಎಂದರು. ದನದ ಮೈಮೇಲಿನ ಕೆಟ್ಟ ಸುಳಿಯನ್ನು ಕೊಳ್ಳುವವನು ಹುಡುಕುವ ಮುಂಚೆ ತಾವೇ ತೋರಿಸುವುದು ಅವರ ರೂಢಿ, ನಿಮಗೆ ಗೊತ್ತಲ್ಲ. ಆದರೆ ಇದು ನೀವು ಜೀವ ಹೋದರೂ ಫ್ಯಾಕ್ಟರಿಗೆ ತಿಳಿಯಬಾರದು ಎಂದು ಬಚ್ಚಿಟ್ಟಿದ್ದ ಮಾತು. ನಾನು ತಲೆ ಬಗ್ಗಿಸಿ ನೆಲ ನೋಡುತ್ತಾ ಕೂತೆ. ಬಾಯಿ ತಪ್ಪಿ ಬಂತು ಎಂದು ನಿಮಗೆ ಬರೆಯಲು ಮಾವ ಹೇಳಿದ್ದಾರೆ.

ಪ್ರದ್ಯುಮ್ನ ಕುರ್ಚಿಯಿಂದ ಅರ್ಧ ಎದ್ದು, ಹಾಗಾದರೆ ಆರು ಸಾವಿರವೂ ಹೆಚ್ಚಾಯಿತು, ಕರಾರನ್ನೇ ರದ್ದು ಮಾಡಬೇಕು ಎಂದರು. ಕ್ವಾರ್ಟರ್ಸ್ ಖಾಲಿ ಮಾಡಿ ಸಾಮಾನು ಕಟ್ಟುವುದೆಲ್ಲ ಕಣ್ಣಮುಂದೆ ಬಂತು. ಜಡ್ಜು ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡರು. "ಈ ವಿಷಯ ನಿಮ್ಮ ಫೈಲಿನಲ್ಲಿತ್ತೇ?" ಎಂದು ಕೇಳಿದರು. ಇಲ್ಲ ಎಂದರು ಪ್ರದ್ಯುಮ್ನ. "ನಿಮಗೆ ಗೊತ್ತಿಲ್ಲದ ದೋಷವನ್ನು ಅವರೇ ಹೇಳಿದ್ದಾರೆ. ಇನ್ನು ಗುಣ ಹೇಳಲಿ, ಕೇಳೋಣ. ಕೂತುಕೊಳ್ಳಿ" ಎಂದರು.

ಮಾವ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತಿನಲ್ಲಿ ಬರೆದರೆ ಸಪ್ಪೆಯಾಗುತ್ತದೆ. "ನನ್ ಮಗ ಎತ್ತಲ್ಲ ಸ್ವಾಮಿ. ಆದ್ರೆ ನಂಗೆ ಬ್ಯಾರೆ ಮಾತು ಬರಾಕಿಲ್ಲ, ಅದ್ಕೆ ಅದ್ನೇ ಏಳ್ತೀನಿ. ಏರಿ ಅತ್ತೋ ಎತ್ತು ನೋಡಿ ಎಲ್ರೂ ಸೈ ಅಂತಾರೆ. ತುಂಬಿದ್ ಗಾಡಿ ಇಳಿಜಾರಲ್ಲಿ ನುಗ್ಗುವಾಗ ಇಂದಕ್ಕೆ ಒರಗಿ ತಡೀತದಲ್ಲ, ಆ ಎತ್ತಿನ್ ಬೆಲೆ ರಸ್ತೇಲಿ ನಿಂತೋರಿಗೆ ಗೊತ್ತಾಗಾಕಿಲ್ಲ. ಗಾಡಿ ಒಳಗೆ ಕುಂತೋರ್ನ ಕೇಳ್ಬೇಕು. ಆ ಸಾ ಎರಡು ಗೋಲು ಅಂದ್ರು. ಇವ್ನು ಒಡೆಯಾಕೆ ನಿಂತಿರೋನಲ್ವಂತೆ, ತಡೆಯಾಕೆ ನಿಂತಿರೋನಂತೆ. ಅಂಗಾರೆ ಎಷ್ಟ್ ಒಡ್ದ ಅಂತ ಯಾಕೆ ಲೆಕ್ಕ?"

ಜಡ್ಜು ಪ್ರದ್ಯುಮ್ನರ ಕಡೆ ತಿರುಗಿ, ಪುಟ್ಟರಾಜು ಇದ್ದಾಗ ಎದುರಿನವರು ಎಷ್ಟು ಗೋಲು ಹೊಡೆದರು, ಇಲ್ಲದಿದ್ದಾಗ ಎಷ್ಟು, ಓದಿ ಎಂದರು. ಆತ ಫೈಲ್ ಮುಚ್ಚಿ, ಆ ಲೆಕ್ಕ ತಂದಿಲ್ಲ ಎಂದಿದ್ದರೆ ನಾವೇನು ಮಾಡುವಂತಿತ್ತು? ಹಾಗೆ ಮಾಡಲಿಲ್ಲ. ಹಾಳೆ ತಿರುವಿ ಓದಿದರು. ಹೋದ ವರ್ಷ ನೀವಿದ್ದ ಹದಿನೆಂಟು ಮ್ಯಾಚಿನಲ್ಲಿ ಹದಿಮೂರು ಗೋಲು. ನಿಮ್ಮ ಅಕ್ಕನ ಮಗಳ ಮದುವೆಗೆಂದು ನೀವು ರಜೆ ಹಾಕಿದ ಎರಡೇ ಮ್ಯಾಚಿನಲ್ಲಿ ಒಂಬತ್ತು. ಓದುತ್ತಾ ಓದುತ್ತಾ ಅವರ ದನಿ ಸಣ್ಣಗಾಯಿತು. ಆ ಮನುಷ್ಯನ ಮೇಲಿದ್ದ ಸಿಟ್ಟೆಲ್ಲ ನನಗೆ ಅಲ್ಲೇ ಇಳಿಯಿತು.

ಇನ್ನು ನಗುವ ವಿಷಯ. ಹಾಗಾದರೆ ನೀವು ಕೇಳುವ ಬೆಲೆ ಎಷ್ಟು ಎಂದು ಜಡ್ಜು ಕೇಳಿದ್ದೇ ತಡ, ಮಾವ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಕಿಕೊಂಡು ಮೇಜಿನ ಆಚೆ ಕೈ ಚಾಚಿಬಿಟ್ಟರು! ಸಂತೆಯಲ್ಲಿ ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದು ತಾನೇ ರೂಢಿ, ಸುತ್ತ ನಿಂತವರಿಗೆ ತಿಳಿಯಬಾರದಲ್ಲ. ಗುಮಾಸ್ತ ಕಿಸಕ್ಕೆಂದ. ಜಡ್ಜು ನಗಲಿಲ್ಲ. "ಬೈರಯ್ಯನವರೇ, ಇಲ್ಲಿ ಬಾಯಲ್ಲಿ ಹೇಳಬೇಕು, ಎಲ್ಲರಿಗೂ ಕೇಳುವಂತೆ" ಎಂದು ಮೆತ್ತಗೆ ಹೇಳಿದರು. ಮಾವ ಕೈ ಹಿಂದಕ್ಕೆ ತೆಗೆದುಕೊಂಡರು. "ಸಾವಿರಾರ್ ದನಕ್ಕೆ ಬೆಲೆ ಕಟ್ಟಿವ್ನಿ ಸ್ವಾಮಿ. ಮಗನ್ ಬೆಲೆ ಏಳಾಕೆ ನಾಲ್ಗೆ ಏಳ್ತಾ ಇಲ್ಲ" ಎಂದು ಕಣ್ಣಿಗೆ ಟವೆಲ್ ಒತ್ತಿಕೊಂಡರು. ಕೊನೆಗೆ ಒಂಬತ್ತೂವರೆ ಸಾವಿರ ಎಂದು ಹೇಳಿದ್ದು ನಾನು.

ಅರ್ಧ ಗಂಟೆ ಹೊರಗೆ ಕೂರಿಸಿ ಒಳಗೆ ಕರೆದರು. ಎಂಟು ಸಾವಿರ. ನೀವು ಕೇಳಿದಷ್ಟಲ್ಲ, ನಿಜ. ಆದರೆ ಎರಡು ವರ್ಷದ ಕರಾರು. ಟೂರ್ನಮೆಂಟ್ ಮುಗಿಸಿ ಬಂದ ಕೂಡಲೇ ಮಂಡಿಗೆ ಚಿಕಿತ್ಸೆ, ಖರ್ಚು ಫ್ಯಾಕ್ಟರಿಯದು, ನೀವು ಕಾಲು ಚಾಚಿ ಮಲಗಿರುವ ತಿಂಗಳುಗಳಿಗೂ ಸಂಬಳ ಹಿಡಿಯುವಂತಿಲ್ಲ. ತಡೆಯುವವನನ್ನು ಕುಂಟಾಗಲು ಬಿಟ್ಟರೆ ಫ್ಯಾಕ್ಟರಿಗೇ ನಷ್ಟ ಎಂದು ಆರ್ಡರಿನಲ್ಲಿ ಬರೆಸಿದ್ದಾರೆ. ಹೊರಗೆ ಬಂದಾಗ ಪ್ರದ್ಯುಮ್ನ ಹಿಂದೆಯೇ ಬಂದು ಮಾವನಿಗೆ ಕೈಮುಗಿದು, "ನಾನು ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರಿಲ್ಲದೆ ನಮ್ಮ ಟೀಮ್ ಇಲ್ಲ" ಎಂದರು. ಮಾವ ನಕ್ಕು, "ನೀವು ಒಳ್ಳೆ ಗಿರಾಕಿ ಸಾ" ಎಂದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ದೋಸೆ ತಿಂದೆವು. ಬೇಡವೆಂದರೂ ಕೇಳದೆ ಧನ್ಯಾಗೆಂದು ಜಹಾಂಗೀರು ಕಟ್ಟಿಸಿಕೊಟ್ಟು ಊರಿಗೆ ಹೋದರು.

ದೇವರು ದೊಡ್ಡವನು ಎನ್ನುತ್ತೇವಲ್ಲ, ನನಗೆ ಆವತ್ತು ಮನುಷ್ಯರೂ ದೊಡ್ಡವರಾಗಿ ಕಂಡರು. ಹಾಳೆ ಟೈಪ್ ಮಾಡಿಸಿದ ಕುಮಾರಣ್ಣ, ನಗದೆ ಕೇಳಿದ ಆ ಜಡ್ಜು, ಇದ್ದದ್ದನ್ನು ಇದ್ದ ಹಾಗೆ ಓದಿದ ಪ್ರದ್ಯುಮ್ನ, ಎಲ್ಲರ ಋಣವೂ ನಮ್ಮ ಮೇಲಿದೆ. ಮಾವನ ಋಣದ ಮಾತು ಬಂದರೆ ನನಗೆ ಬರೆಯಲು ಆಗುವುದಿಲ್ಲ. ಅವರ ಸೊಸೆಯಾಗಿದ್ದಕ್ಕೆ ನನಗೆ ಸಂತೋಷವಿದೆ, ಅಷ್ಟು ಹೇಳುತ್ತೇನೆ. ನೀವು ಬಂದ ಮೇಲೆ ಆರ್ಡರ್ ಓದಿ ನೋಡಿ. ನಿಮ್ಮ ವಿಷಯದಲ್ಲಿ ಅಷ್ಟು ಒಳ್ಳೆಯ ಮಾತುಗಳನ್ನು ಒಂದೇ ಕಡೆ ಯಾರೂ ಬರೆದಿಲ್ಲ, ನಾನೂ ಸೇರಿ.

ಬಿಸಿಲಲ್ಲಿ ತಲೆಗೆ ಏನಾದರೂ ಕಟ್ಟಿಕೊಳ್ಳಿ. ಅಂಪೈರ್ ಜೊತೆ ಜಗಳ ಬೇಡ, ಅದೂ ಫೈಲಿಗೆ ಹೋಗುತ್ತದೆ. ಧನ್ಯಾ ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ಟೀಮಿನವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ನೀವು ಕ್ಷೇಮವಾಗಿ ಮನೆ ಸೇರಲಿ ಎಂದು ದಿನಾ ದೀಪ ಹಚ್ಚುತ್ತಿದ್ದೇನೆ.

ನಿಮ್ಮ,
ಗಂಗಾಂಬಿಕೆ

ತಾ.ಕ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ಪೋಸ್ಟ್ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮಾವನಿಗೆ ಬಾಯಿ ತಪ್ಪಲಿಲ್ಲ. ಮಂಡಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಧನ್ಯಾಳ ತಲೆ ಮೇಲೆ ನನ್ನ ಕೈ ಇಡಿಸಿ ಯಾರಿಗೂ ಹೇಳಬಾರದೆಂದು ಆಣೆ ಮಾಡಿಸಿದ್ದಿರಿ. ಹೊರಡುವ ದಿನ ಬಚ್ಚಲಿನ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ಕಾಲೆತ್ತಿ ಆಚೆ ಇಟ್ಟಿರಲ್ಲ, ಅದನ್ನು ಬಾಗಿಲ ಸಂದಿಯಿಂದ ನೋಡಿದೆ. ದಂಡಿಗನಹಳ್ಳಿಗೆ ಹೋದಾಗ ಆಣೆ ಮುರಿದು ಎಲ್ಲ ಹೇಳಿದೆ, ಅಲ್ಲಿ ಹೇಳಿಬಿಡಿ ಎಂದು ಅವರ ಕಾಲು ಹಿಡಿದುಕೊಂಡೆ. "ಬಾಯಿ ತಪ್ತು ಅಂತ ಬರ್ಕಳವ್ವ. ಅವ್ನು ನನ್ ಮೇಲೆ ಮುನಿಸ್ಕಂಡ್ರೆ ಅಬ್ಬಕ್ಕಾರ ಬತ್ತಾನೆ. ನಿನ್ ಮೇಲೆ ಮುನಿಸ್ಕಂಡ್ರೆ ದಿನಾ ಒಂದೇ ಮನೇಲಿ ಇರ್ಬೇಕಲ್ಲ" ಎಂದರು. ನಿಮ್ಮ ಮುನಿಸನ್ನು ಆ ವಯಸ್ಸಿನಲ್ಲಿ ಅವರ ಮೇಲೆ ಹೊರಿಸಲು ನನ್ನಿಂದಾಗದು. ಬೈಯುವುದಾದರೆ ನನ್ನನ್ನೇ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಅವರಿಗೆ ಮಾತ್ರ ಈ ಸಲ ನೀವೇ ಒಂದು ಕಾಗದ ಬರೆಯಿರಿ. ಅವರಿಗೆ ಓದಲು ಬಾರದು, ನಾನು ಹೋಗಿ ಓದಿ ಹೇಳುತ್ತೇನೆ.